ನಿಂತುಹೋದ ಡ್ರೈಯರ್ ಟೈಮರ್ ಮತ್ತು ಗಾಂಧಿ ಬಜಾರಿನ ರಿಪೇರಿ ಅಂಗಡಿ

ನಮ್ಮ ಮನೆಯ ಡ್ರೈಯರ್‌ಗೆ ಒಂಬತ್ತು ವರ್ಷ ತುಂಬಿದೆ. ಕಳೆದ ಆಗಸ್ಟ್‌ನಲ್ಲಿ ಬೆಂಗಳೂರಿನ ಮಳೆ ವಾರವಿಡೀ ಜಡಿ ಹಿಡಿದು, ಯುಟಿಲಿಟಿಯ ತಂತಿಯ ಮೇಲಿನ ಬಟ್ಟೆಗಳೆಲ್ಲ ಮುಗ್ಗಲು ವಾಸನೆ ಹೊಡೆಯುತ್ತಿದ್ದ ದಿನಗಳಲ್ಲೇ ಅದರ ಟೈಮರ್ ಮುಂದಕ್ಕೆ ಸರಿಯುವುದನ್ನು ನಿಲ್ಲಿಸಿತು. ಡ್ರಮ್ ತಿರುಗುತ್ತಿತ್ತು, ಗಾಳಿಯೂ ಬೆಚ್ಚಗೆ ಬರುತ್ತಿತ್ತು. ಆದರೆ ಆಟೋ ಡ್ರೈಗೆ, ಅಂದರೆ ಬಟ್ಟೆ ಒಣಗಿದಾಗ ಯಂತ್ರ ತಾನಾಗಿಯೇ ನಿಲ್ಲುವ ಆಯ್ಕೆಗೆ, ತಿರುಗಿಸಿಟ್ಟ ಗುಂಡಿ ಎರಡು ಗಂಟೆ ಕಳೆದರೂ ಇಟ್ಟಲ್ಲೇ ಇತ್ತು.

ತಯಾರಕರ ಸೇವಾ ಕೇಂದ್ರದಿಂದ ಬಂದ ತಂತ್ರಜ್ಞರು ಹಿಂಬದಿಯ ತಗಡನ್ನೂ ಬಿಚ್ಚದೆ ಟೈಮರ್ ಕೆಟ್ಟಿದೆ ಎಂದು ತೀರ್ಮಾನಿಸಿ, ಹೊಸದಕ್ಕೆ 4,800 ರೂಪಾಯಿ ಆಗುತ್ತದೆ, ಬರಲು ಮೂರು ವಾರ ಬೇಕು ಎಂದು ತಿಳಿಸಿ, ಭೇಟಿಯ ಶುಲ್ಕ ಪಡೆದು ಹೊರಟರು. ಆ ಮೇಲೆ ಪಕ್ಕದ ಮನೆಯವರ ಮಾತಿನಂತೆ ಗಾಂಧಿ ಬಜಾರಿನ ಹಿಂದಿನ ರಸ್ತೆಯ ಒಂದು ಚಿಕ್ಕ ರಿಪೇರಿ ಅಂಗಡಿಗೆ ಫೋನ್ ಮಾಡಿದೆ.

ಹತ್ತಕ್ಕೆ ಬರುತ್ತೇನೆಂದ ಮೆಕ್ಯಾನಿಕ್ ಬಂದದ್ದು ಹನ್ನೆರಡೂವರೆಗೆ. ಬಂದವರು ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಗುಂಡಿಯನ್ನು ನಿಮಿಷಗಳ ಭಾಗಕ್ಕೆ, ಅರವತ್ತಕ್ಕೆ ತಿರುಗಿಸಿ, ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಕಾಫಿ ಕುಡಿಯುತ್ತ ಕುಳಿತರು. ಹತ್ತು ನಿಮಿಷದಲ್ಲಿ ಗೆರೆ ಎಷ್ಟು ಸರಿಯಬೇಕೋ ಅಷ್ಟು ಸರಿದಿತ್ತು. "ಟೈಮರ್ ಚೆನ್ನಾಗೇ ಇದೆ ಅಮ್ಮ, ಅದು ಬಿಸಿಗೆ ಕಾಯ್ತಾ ಇದೆ ಅಷ್ಟೆ," ಎಂದರು.

ಅವರು ವಿವರಿಸಿದ ಮೇಲೆ ವಿಷಯ ಸರಳವಾಗಿಯೇ ಕಂಡಿತು. ನಿಮಿಷ ನಿಗದಿಪಡಿಸಿದಾಗ ಟೈಮರಿನೊಳಗಿನ ಪುಟ್ಟ ಮೋಟಾರಿಗೆ ವಿದ್ಯುತ್ ನಿರಂತರವಾಗಿ ಸಿಗುತ್ತದೆ. ನಮ್ಮದರಂಥ ಹಳೆಯ ಮಾದರಿಗಳ ಆಟೋ ಡ್ರೈನಲ್ಲಾದರೋ, ಒಳಗಿನ ಗಾಳಿ ಸಾಕಷ್ಟು ಕಾದು ಥರ್ಮೋಸ್ಟಾಟ್ ಹೀಟರನ್ನು ಆರಿಸಿದಾಗ ಮಾತ್ರ ಆ ಮೋಟಾರು ತಿರುಗುತ್ತದೆ. ಹೀಟರ್ ಉರಿಯುತ್ತಿರುವಷ್ಟು ಹೊತ್ತೂ ಅದು ಸುಮ್ಮನಿರುತ್ತದೆ. ಒದ್ದೆ ಬಟ್ಟೆ ಗಾಳಿಯನ್ನು ತಣಿಸುವುದರಿಂದ ಮೊದಲರ್ಧ ಗಂಟೆ ಗುಂಡಿ ಅಲುಗಾಡದಿರುವುದು ದೋಷವೇ ಅಲ್ಲ. ಗಾಳಿ ಎಂದೂ ಆ ಮಟ್ಟಕ್ಕೆ ಕಾಯದಿದ್ದರೆ ಗುಂಡಿಯೂ ಎಂದೂ ಸರಿಯದು. ಎರಡೂ ಕಡೆ ಗುಂಡಿ ನಿಂತೇ ಇದ್ದಿದ್ದರೆ ಟೈಮರಿನ ಮೋಟಾರನ್ನು ಅನುಮಾನಿಸಬಹುದಿತ್ತು.

ಬಳಿಕ ಅವರು ಸ್ವಿಚ್ ಆರಿಸಿದ್ದು ಸಾಲದೆಂದು ಪ್ಲಗ್ಗನ್ನೇ ಕಿತ್ತು, ಹಿಂಬದಿಯ ತಗಡು ಬಿಚ್ಚಿ, ಹೀಟರಿನ ವೈರುಗಳನ್ನು ಕಳಚಿ ಮಲ್ಟಿಮೀಟರ್ ಹಿಡಿದರು. ಒಟ್ಟು 2,000 ವ್ಯಾಟ್‌ನ ಈ ಹೀಟರಿನಲ್ಲಿ ಎರಡು ಕಾಯಿಲ್‌ಗಳಿವೆ. ಒಂದು 53 ಓಮ್ ತೋರಿಸಿತು. ಇನ್ನೊಂದಕ್ಕೆ ಮೀಟರು ಮಿಸುಕಲಿಲ್ಲ. ಟಾರ್ಚ್ ಬಿಟ್ಟು ನೋಡಿದಾಗ ಪಿಂಗಾಣಿ ಆಸರೆಯ ಬಳಿ ತಂತಿ ತುಂಡಾಗಿ, ತುದಿ ಕರ್ರಗೆ ಸುರುಟಿಕೊಂಡಿತ್ತು. ಅರ್ಧ ಶಾಖದಲ್ಲಿ ಗಾಳಿ ಬೆಚ್ಚಗಾಗುತ್ತಿತ್ತೇ ಹೊರತು ಥರ್ಮೋಸ್ಟಾಟ್ ಆರಿಸುವಷ್ಟು ಕಾಯುತ್ತಿರಲಿಲ್ಲ. ಸಂಜೆಯ ಹೊತ್ತಿನ ವೋಲ್ಟೇಜನ್ನೂ ಒಮ್ಮೆ ನೋಡಿಕೊಳ್ಳಿ ಎಂದು ಅವರು ಸೂಚಿಸಿದ್ದು ನನಗೆ ಹಿಡಿಸಿತು, ಏಕೆಂದರೆ 230 ಇರಬೇಕಾದದ್ದು 195ಕ್ಕೆ ಇಳಿದರೆ ಸರಿಯಾದ ಹೀಟರಿನ ಶಾಖವೂ ಕಾಲು ಭಾಗಕ್ಕಿಂತ ಹೆಚ್ಚು ತಗ್ಗುತ್ತದೆ.

ಮರುದಿನ ಎಸ್.ಪಿ. ರಸ್ತೆಯಿಂದ ಕಾಯಿಲ್ ತಂದು ಹಾಕಿ, ಕೂಲಿ ಸೇರಿ 1,450 ರೂಪಾಯಿ ಪಡೆದರು. ತುಂಡಾದ ಹಳೆಯ ಕಾಯಿಲನ್ನು ಕೇಳದೆಯೇ ನನ್ನ ಕೈಗೆ ಕೊಟ್ಟರು. ಬಿಲ್ಲನ್ನು ಮಾತ್ರ ಎರಡು ಸಲ ಕೇಳಬೇಕಾಯಿತು. ಅದರ ಮೇಲೆ ಮೂರು ತಿಂಗಳ ಗ್ಯಾರಂಟಿ ಎಂದು ನಾನೇ ಬರೆಸಿಕೊಂಡೆ. ಸಮಯಪಾಲನೆಗೆ ಅವರಿಗೆ ಅಂಕ ಕೊಡಲಾರೆ, ದೋಷ ಹುಡುಕಿದ ಕ್ರಮಕ್ಕೆ ಪೂರ್ಣ ಅಂಕ. ಈಗ ಆಟೋ ಡ್ರೈನಲ್ಲಿ ಮೂರು ಬೆಡ್‌ಶೀಟ್‌ಗಳು ಸುಮಾರು ಎಪ್ಪತ್ತು ನಿಮಿಷದಲ್ಲಿ ಒಣಗಿ ಯಂತ್ರ ತಾನಾಗಿಯೇ ನಿಲ್ಲುತ್ತದೆ. ಹಿಂಬದಿಯ ತಗಡಿಗೆ ಎಂಟು ಸ್ಕ್ರೂಗಳ ಬದಲು ಏಳೇ ಇವೆ. ಎಂಟನೆಯದು ವಾರದ ನಂತರ ಕಸ ಗುಡಿಸುವಾಗ ಸಿಕ್ಕಿತು.