ವಾಕಿಂಗ್‌ಗೆ ತೂಕದ ವೆಸ್ಟ್: ಕಿಲೋ ಎಣಿಸುವ ಮೊದಲು ಹೆಗಲಪಟ್ಟಿ ನೋಡಿ

ವಾಕಿಂಗ್ ಮಾಡುವಾಗ ಮೈಮೇಲೆ ಹಾಕಿಕೊಳ್ಳುವ ತೂಕದ ವೆಸ್ಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಮರಳೋ ಕಬ್ಬಿಣದ ಗುಂಡೋ ತುಂಬಿ ಹೊಲಿದುಬಿಟ್ಟದ್ದು. ಅದರ ತೂಕ ಎಷ್ಟಿದೆಯೋ ಅಷ್ಟೇ. ಇನ್ನೊಂದು, ಸಣ್ಣ ಸಣ್ಣ ಜೇಬುಗಳಲ್ಲಿ ಪೊಟ್ಟಣಗಳನ್ನು ಇಟ್ಟು ತೆಗೆಯಬಹುದಾದ, ಸಾಮಾನ್ಯವಾಗಿ 10 ಕೆಜಿವರೆಗೆ ತುಂಬುವಂಥದ್ದು. ಈ ವಿಮರ್ಶೆ ಎರಡನೆಯ ಬಗೆಯದು. ಮೊದಲ ಬಗೆಯದನ್ನು ಬರೀ ನಡಿಗೆಗಾಗಿ ಕೊಳ್ಳುವುದು ಬೇಡ. 60 ಕೆಜಿ ತೂಗುವವರು ಶುರು ಮಾಡಬೇಕಾದದ್ದು 3 ಕೆಜಿಯಿಂದ, ಅಂದರೆ ಮೈತೂಕದ ನೂರಕ್ಕೆ ಐದರಷ್ಟು. ಮೂರು ತಿಂಗಳಾದ ಮೇಲೆ ಅವರಿಗೇ 4, 5 ಕೆಜಿ ಬೇಕೆನಿಸುತ್ತದೆ. ಹೊಲಿದು ಮುಚ್ಚಿದ 10 ಕೆಜಿಯ ವೆಸ್ಟ್ ಅವರಿಗೆ ಮೊದಲ ದಿನವೇ ಅತಿಯಾಯಿತು, 3 ಕೆಜಿಯದು ಬೇಗನೆ ಸಾಲದಾಯಿತು.

ವೆಸ್ಟ್ ಹಾಕಿದರೆ ಹೆಚ್ಚು ಕ್ಯಾಲೊರಿ ಖರ್ಚಾಗುತ್ತದೆ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಮಾತನ್ನು ಮೊದಲು ಇತ್ಯರ್ಥ ಮಾಡಿಬಿಡೋಣ. ಹೊರೆ ಹೊತ್ತು ನಡೆಯುವವರು ಎಷ್ಟು ಶಕ್ತಿ ಖರ್ಚು ಮಾಡುತ್ತಾರೆ ಎಂದು ಅಂದಾಜಿಸಲು ಅಮೆರಿಕದ ಸೇನೆಯ ಸಂಶೋಧಕರು 1977ರಲ್ಲಿ ಪ್ರಕಟಿಸಿದ ಪಂಡಾಲ್ಫ್ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಅದರ ಪ್ರಕಾರ 70 ಕೆಜಿಯ ವ್ಯಕ್ತಿ ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಗಂಟೆಗೆ 5.4 ಕಿ.ಮೀ. ವೇಗದಲ್ಲಿ ನಡೆದರೆ ಗಂಟೆಗೆ ಸುಮಾರು 293 ಕಿಲೋಕ್ಯಾಲೊರಿ ಖರ್ಚಾಗುತ್ತದೆ. ಅದೇ ವ್ಯಕ್ತಿ 7 ಕೆಜಿ ಹೊತ್ತು ನಡೆದರೆ 315. ಒಂದು ಗಂಟೆ ಬೆವರಿಳಿಸಿದ್ದಕ್ಕೆ ಹೆಚ್ಚಿಗೆ ಸಿಕ್ಕಿದ್ದು ಹತ್ತಿರ ಹತ್ತಿರ ಅರ್ಧ ಇಡ್ಲಿಯಷ್ಟು. ವೆಸ್ಟ್ ತೆಗೆದಿಟ್ಟು, ಅದೇ ವೇಗದಲ್ಲಿ, 100 ಮೀಟರಿಗೆ 3 ಮೀಟರ್ ಏರುವ ದಾರಿಯಲ್ಲಿ ನಡೆದರೆ ಅದೇ ಸೂತ್ರ ಗಂಟೆಗೆ 388 ಎನ್ನುತ್ತದೆ. ತೂಕ ಇಳಿಸುವುದೊಂದೇ ಗುರಿಯಾಗಿದ್ದರೆ ದುಡ್ಡು ಖರ್ಚು ಮಾಡುವ ಬದಲು ಮನೆಯ ಹತ್ತಿರ ಒಂದು ಏರು ಹುಡುಕಿಕೊಳ್ಳಿ. ಮಲ್ಪೆ, ಪಣಂಬೂರಿನ ಕಡೆ ಇರುವವರಿಗೆ ಸಡಿಲ ಮರಳೇ ಸಾಕು. ಅಲ್ಲಿ ಹೆಜ್ಜೆಯ ಖರ್ಚು ಡಾಂಬರಿಗೆ ಹೋಲಿಸಿದರೆ ಎರಡು ಪಟ್ಟು.

ಮೂಳೆ ಗಟ್ಟಿಯಾಗುತ್ತದೆ ಎಂಬ ಇನ್ನೊಂದು ಮಾತನ್ನೂ ಹಾಗೆಯೇ ನಂಬಿಬಿಡಬೇಡಿ. ತೂಕ ಇಳಿಸಿಕೊಳ್ಳುತ್ತಿದ್ದ 150 ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷ ವೆಸ್ಟ್ ಹಾಕಿಕೊಂಡವರಿಗೂ ಸೊಂಟದ ಮೂಳೆಯ ಸವೆತ ತಪ್ಪಲಿಲ್ಲ. ಹಾಗಾದರೆ ವೆಸ್ಟ್ ಯಾಕೆ? ಸಮತಟ್ಟಾದ ಪಾರ್ಕಿನಲ್ಲಿ ಎಷ್ಟು ನಡೆದರೂ ಉಸಿರು ಏರದವರಿಗೆ, ವೇಗ ಹೆಚ್ಚಿಸಿದರೆ ಮಂಡಿ ಒಪ್ಪದವರಿಗೆ, ಕುಮಾರಪರ್ವತದಂಥ ಚಾರಣಕ್ಕೆ ಕಾಲು ಬೆನ್ನು ಹದಗೊಳಿಸಿಕೊಳ್ಳುವವರಿಗೆ ಅದು ನಿಜಕ್ಕೂ ಉಪಯೋಗದ ಸಾಧನ. ಇಷ್ಟನ್ನು ಮಾತ್ರ ಬಯಸಿ ಕೊಂಡರೆ ನಿರಾಸೆಯಾಗುವುದಿಲ್ಲ.

ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ಕೆಜಿ ಎಂದು. ಕೇಳಬೇಕಾದದ್ದು ಒಳಗೆ ಏನು ತುಂಬಿದ್ದಾರೆ ಎಂದು. 10 ಕೆಜಿ ಮರಳಿಗೆ ಸುಮಾರು 6 ಲೀಟರ್ ಜಾಗ ಬೇಕು. ಕಬ್ಬಿಣದ ಪಟ್ಟಿಗಳಾದರೆ ಒಂದೂವರೆ ಲೀಟರಿಗಿಂತ ಕಡಿಮೆ ಸಾಕು. ಮರಳಿನ ವೆಸ್ಟ್ ಎದೆಯ ಮುಂದೆ ದಿಂಬಿನಂತೆ ಉಬ್ಬಿ ನಿಲ್ಲುವುದು ಇದೇ ಕಾರಣಕ್ಕೆ. ಉಬ್ಬಿದ ಎದೆಯ ಮೇಲಿಂದ ಕಾಲ ಮುಂದಿನ ನೆಲ ಕಾಣುವುದಿಲ್ಲ. ಚಪ್ಪಡಿ ಎದ್ದಿರುವ ನಮ್ಮ ಫುಟ್‌ಪಾತ್‌ಗಳಲ್ಲಿ ಇದು ಸಣ್ಣ ದೋಷವಲ್ಲ. ಕೈಯೂ ಮುಂದಕ್ಕೆ ಬೀಸುವಾಗ ವೆಸ್ಟಿನ ಅಂಚಿಗೆ ಉಜ್ಜಿ ತೋಳಿನ ಒಳಭಾಗ ಕೆಂಪಾಗುತ್ತದೆ. ಆದ್ದರಿಂದ ಕಬ್ಬಿಣದ ಪಟ್ಟಿಯದ್ದೇ ಮೇಲು. ಕಬ್ಬಿಣದ ಪುಡಿ ತುಂಬಿದ ಪೊಟ್ಟಣ ಮೈಗೆ ಮೆತ್ತಗೆ ಒಗ್ಗುತ್ತದೆ ನಿಜ, ಆದರೆ ಹೊಲಿಗೆ ಒಂದು ಕಡೆ ಬಿಟ್ಟರೂ ಕಪ್ಪು ಪುಡಿ ಸೋರಿ ಬಟ್ಟೆ ಹಾಳು.

ಹೆಗಲಪಟ್ಟಿ ನಾಲ್ಕು ಬೆರಳಗಲ ಇರಲಿ, ಕತ್ತಿನ ಬುಡಕ್ಕೆ ತಾಗದಂತೆ ಹೆಗಲ ನಡುವೆ ಕೂರಲಿ. ಕಿರಿದಾದ ಪಟ್ಟಿ ಹೆಗಲ ಮೇಲಿನ ನರಗಳನ್ನು ಒತ್ತುತ್ತದೆ. ಅರ್ಧ ಗಂಟೆಯಲ್ಲಿ ಬೆರಳುಗಳಿಗೆ ಜೋಮು ಹಿಡಿಯುತ್ತದೆ. ಜೋಮು ಬಂದರೆ ಆ ಕ್ಷಣವೇ ಬಿಚ್ಚಿ. ಅಭ್ಯಾಸವಾದರೆ ಹೋಗುತ್ತದೆ ಎಂದು ಸಹಿಸಿಕೊಂಡು ನಡೆಯುವ ನೋವು ಅದಲ್ಲ. ವೆಸ್ಟಿನ ಕೆಳಅಂಚು ಕೊನೆಯ ಪಕ್ಕೆಲುಬಿನ ಹತ್ತಿರ ಮುಗಿಯಬೇಕು, ಹೊಟ್ಟೆಯ ಮೇಲೆ ಇಳಿಬಿದ್ದರೆ ಪ್ರತಿ ಹೆಜ್ಜೆಗೂ ಬಡಿಯುತ್ತದೆ. ಬಕಲ್ ಬಿಗಿದು ಹೊಟ್ಟೆ ತುಂಬ ಉಸಿರೆಳೆದು ನೋಡಿ: ಉಸಿರಿಗೆ ಅಡ್ಡಿಯಾಗಬಾರದು, ಆದರೂ ನಿಂತಲ್ಲೇ ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಿದಾಗ ವೆಸ್ಟ್ ಕುಣಿಯಲೂಬಾರದು. ಎರಡೂ ಒಟ್ಟಿಗೆ ಸಾಧ್ಯವಾಗದಿದ್ದರೆ ಆ ಅಳತೆ ನಿಮ್ಮದಲ್ಲ. ಹೆಂಗಸರಿಗೆ ಇಲ್ಲಿ ಆಯ್ಕೆ ಬಹಳ ಕಡಿಮೆ ಎನ್ನುವುದು ಬೇಸರದ ಸಂಗತಿ. ಎದೆಯ ಮೇಲೆ ಅಡ್ಡಪಟ್ಟಿ ಬರುವ ವಿನ್ಯಾಸ ಬಿಟ್ಟು, ಪಕ್ಕದಲ್ಲಿ ಬಿಗಿಯುವ, ಮುಂಭಾಗ ಗಿಡ್ಡವಾಗಿರುವ ವೆಸ್ಟ್ ಹುಡುಕಬೇಕು.

ಪೊಟ್ಟಣ ತುಂಬುವಾಗ ಮುಂದೆ ಎಷ್ಟೋ ಹಿಂದೆಯೂ ಅಷ್ಟೇ. ಬೆಸ ಸಂಖ್ಯೆ ಬಂದರೆ ಉಳಿದ ಒಂದನ್ನು ಬೆನ್ನಿಗೆ, ನಡುಮಧ್ಯೆ ಹಾಕಿ. ಮೇಲಿನ ಜೇಬುಗಳು ಮೊದಲು ತುಂಬಲಿ. ಜೇಬಿನ ಬಾಯಿಗೆ ಬರೀ ವೆಲ್ಕ್ರೊ ಇದ್ದರೆ ಅದರಲ್ಲಿ ಹತ್ತಿಯ ನೂಲು ಸಿಕ್ಕಿಕೊಂಡು ಕೆಲವು ತಿಂಗಳಲ್ಲಿ ಹಿಡಿತ ಸಡಿಲವಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ವಾರಕ್ಕೊಮ್ಮೆ ಕೆರೆದು ತೆಗೆದರೆ ಬಾಳಿಕೆ ಬರುತ್ತದೆ.

ಬಟ್ಟೆಯ ವಿಚಾರದಲ್ಲಿ ಊರು ನೋಡಿ ತೀರ್ಮಾನಿಸಬೇಕು. ರಬ್ಬರಿನಂಥ ನಿಯೋಪ್ರೀನ್ ಮೆತ್ತಗಿರುತ್ತದೆ, ಆದರೆ ಗಾಳಿಯಾಡುವುದಿಲ್ಲ. ಬೆಂಗಳೂರು, ಮೈಸೂರಿನ ಬೆಳಗಿನ ಆರು ಗಂಟೆಗೆ ತೊಂದರೆಯಿಲ್ಲ. ಮಂಗಳೂರಿನ ಸೆಕೆಯಲ್ಲೂ ಕಲಬುರಗಿಯ ಏಪ್ರಿಲ್‌ನಲ್ಲೂ ಅದನ್ನು ಹಾಕಿಕೊಂಡರೆ ಬೆನ್ನ ತುಂಬ ಬೆವರುಸಾಲೆ. ಜಾಲರಿ ಬಟ್ಟೆಯ ಒಳಪದರ ಇರುವುದನ್ನೇ ಆರಿಸಿ, ಒಳಗೆ ತೋಳಿರುವ ಬನಿಯನ್ನೋ ಟೀ ಶರ್ಟೋ ಇರಲಿ. ಬೆವರಿನ ಉಪ್ಪು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಹಾಗಾಗಿ ಮನೆಗೆ ಬಂದ ತಕ್ಷಣ ಪೊಟ್ಟಣ ತೆಗೆದು ಗಾಳಿಗೆ ಇಡಿ. ವಾರಕ್ಕೊಮ್ಮೆ ಖಾಲಿ ವೆಸ್ಟನ್ನು ಸೋಪಿನ ನೀರಲ್ಲಿ ಕೈಯಲ್ಲೇ ಹಿಂಡದೆ ಒಗೆದು ನೆರಳಲ್ಲಿ ಆರಿಸಿ. ತುಂಬಿದ ವೆಸ್ಟನ್ನು ವಾಷಿಂಗ್ ಮಷಿನ್‌ಗೆ ಹಾಕಿದರೆ ಹಾಳಾಗುವುದು ವೆಸ್ಟ್ ಒಂದೇ ಅಲ್ಲ.

ವೆಸ್ಟ್‌ಗೆ ದುಡ್ಡು ಹಾಕುವ ಮೊದಲು ಮನೆಯಲ್ಲಿರುವ ಬ್ಯಾಗಿನಲ್ಲೇ ಒಂದು ತಿಂಗಳು ನಡೆದು ನೋಡಬಹುದು. ಒಂದು ಲೀಟರ್ ನೀರಿನ ಬಾಟಲಿ ಎಂದರೆ ಒಂದು ಕೆಜಿ. ಸುಸ್ತಾದರೆ ದಾರಿಯಲ್ಲೇ ಯಾವುದಾದರೂ ಗಿಡಕ್ಕೆ ಸುರಿದು ಹಗುರಾಗಬಹುದು, ಕಬ್ಬಿಣಕ್ಕೆ ಈ ಅನುಕೂಲವಿಲ್ಲ. ತಲೆಹೊರೆಯವರಿಗಾಗಿ ದಾರಿಬದಿಯಲ್ಲಿ ಹೊರೆಗಲ್ಲು ನಿಲ್ಲಿಸಿದ್ದ ಹಿರಿಯರಿಗೆ, ಹೊರುವುದರಷ್ಟೇ ಇಳಿಸುವುದೂ ಮುಖ್ಯ ಎಂದು ಗೊತ್ತಿತ್ತು. ಅಕ್ಕಿಯ ಪ್ಯಾಕೆಟ್ ಆದರೆ ಟವೆಲ್‌ನಲ್ಲಿ ಬಿಗಿಯಾಗಿ ಸುತ್ತಿ, ಭುಜದೆಲುಬುಗಳ ನಡುವೆ, ಬೆನ್ನಿಗೆ ಅಂಟಿಕೊಂಡಂತೆ ಮೇಲ್ಗಡೆ ಇಡಿ. ಅಡಿಯಲ್ಲಿ ಟವೆಲ್ ಮಡಚಿಟ್ಟು ಎತ್ತರಿಸದಿದ್ದರೆ ಅದು ಕೆಳಗೆ ಜಾರಿ, ಹಿಂದಕ್ಕೆ ಎಳೆದು, ನೀವು ಕತ್ತು ಮುಂದೆ ಚಾಚಿ ನಡೆಯುವಂತೆ ಮಾಡುತ್ತದೆ. ಇದೊಂದು ಕಡೆಯಲ್ಲಿ ವೆಸ್ಟ್ ಗೆಲ್ಲುತ್ತದೆ: ಹಿಂದೆ ಮುಂದೆ ಸಮಭಾರ ಇರುವುದರಿಂದ ಬೆನ್ನು ನೆಟ್ಟಗೆ ನಿಲ್ಲುತ್ತದೆ.

ಕಾಲಿಗೆ ಕಟ್ಟುವ ತೂಕಗಳು ಇದೇ ಕಪಾಟಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ನಡಿಗೆಗೆ ಬೇಡವೇ ಬೇಡ. ಪಾದದ ಹತ್ತಿರದ ಒಂದು ಕೆಜಿ ಬೆನ್ನ ಮೇಲಿನ ಒಂದು ಕೆಜಿಗಿಂತ ಹಲವು ಪಟ್ಟು ಭಾರವಾಗಿ ದುಡಿಸುತ್ತದೆ, ಕಾಲು ಬೀಸುವ ರೀತಿಯೇ ಬದಲಾಗಿ ಮಂಡಿ, ಸೊಂಟ ನೋಯುತ್ತವೆ. ಕುಳಿತು ಕಾಲೆತ್ತುವ ವ್ಯಾಯಾಮಕ್ಕೆ ಅವು ಸರಿ.

ಮೊದಲ ಎರಡು ವಾರ ದಿನ ಬಿಟ್ಟು ದಿನ, 15 ನಿಮಿಷ ಮಾತ್ರ, ಉಳಿದ ನಡಿಗೆ ಎಂದಿನಂತೆ ವೆಸ್ಟ್ ಇಲ್ಲದೆ. ಮೊದಲು ಸಮಯ ಹೆಚ್ಚಿಸಿ; 30 ನಿಮಿಷ ಸಲೀಸಾದ ಮೇಲೆ ಅರ್ಧ ಕೆಜಿ ಸೇರಿಸಿ, ಮತ್ತೆ ಎರಡು ವಾರ ಕಾಯಿರಿ. ಮೈತೂಕದ ಹತ್ತನೇ ಒಂದು ಭಾಗ ದಾಟುವ ಅಗತ್ಯ ಸಾಮಾನ್ಯ ನಡಿಗೆಗಾರರಿಗಿಲ್ಲ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಏದುಸಿರು ಸಾಕು. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ವೆಸ್ಟ್ ಹಾಕಿ ಹತ್ತುವವರು ಇಳಿಯುವಾಗ ಬಸ್ಸು ಹಿಡಿಯಲಿ. ಇಳಿಯುವಾಗ ಪ್ರತಿ ಮೆಟ್ಟಿಲಲ್ಲೂ ಆ ಭಾರವನ್ನು ತಡೆದು ನಿಲ್ಲಿಸಬೇಕಾದದ್ದು ಮಂಡಿಯೇ. ಮಂಡಿ ಸವೆತ, ಡಿಸ್ಕ್ ತೊಂದರೆ, ಕತ್ತಿನಿಂದ ಕೈಗಿಳಿಯುವ ನೋವು, ಹತೋಟಿಗೆ ಬಾರದ ಬಿಪಿ, ಹೃದಯದ ಕಾಯಿಲೆ, ಟೊಳ್ಳುಮೂಳೆಯಿಂದ ಬೆನ್ನುಮೂಳೆ ಮುರಿದ ಇತಿಹಾಸ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ವೆಸ್ಟ್ ಮನೆಗೆ ಬಂದ ದಿನವೇ ಪ್ರತಿ ಪೊಟ್ಟಣವನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ತೂಕವನ್ನು ಮಾರ್ಕರ್‌ನಿಂದ ಅದರ ಮೇಲೇ ಬರೆದಿಡಿ. ಎಡಬಲಕ್ಕೆ ಸಮ ಹಾಕುವುದು ಸುಲಭವಾಗುತ್ತದೆ, ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಕಡಿಮೆ ತೂಗಿದರೆ ವಾಪಸ್ ಮಾಡುವ ಗಡುವು ಮುಗಿಯುವ ಮುನ್ನ ಗೊತ್ತಾಗುತ್ತದೆ. ಹೆಗಲಪಟ್ಟಿ ವೆಸ್ಟಿಗೆ ಸೇರುವ ಕಡೆ ಹೊಲಿಗೆ ಒಂದೇ ಸಾಲಿನದಿದ್ದರೂ ವಾಪಸ್ ಕಳಿಸಿ. ಅಲ್ಲಿ ಚೌಕ ಹೊಲಿದು, ನಡುವೆ ಅಡ್ಡಡ್ಡ ಕತ್ತರಿ ಹೊಲಿಗೆ ಹಾಕಿರಬೇಕು.