ಹಟ್ಟನ್‌ನ ಚಹಾ ಬೆಟ್ಟಗಳಲ್ಲಿ ಎರಡು ದಿನ: ಒಂದು ಕಾಲ್ನಡಿಗೆ ಪ್ರವಾಸದ ವಿಮರ್ಶೆ

ಶ್ರೀಲಂಕಾದ ನುವರ ಎಳಿಯ ಜಿಲ್ಲೆಯ ಹಟ್ಟನ್ ಪೇಟೆಯಿಂದ ಹೊರಡುವ ಎರಡು ದಿನಗಳ ಕಾಲ್ನಡಿಗೆ ಪ್ರವಾಸವೊಂದಕ್ಕೆ 2025ರ ಮಾರ್ಚ್ ಮೊದಲ ವಾರದಲ್ಲಿ ನಾನು ಮತ್ತು ನನ್ನ ತಂಗಿ ಹೋಗಿ ಬಂದೆವು. ಚಹಾ ತೋಟಗಳ ತಮಿಳು ಕಾರ್ಮಿಕರ ಇತಿಹಾಸವನ್ನು ಅದೇ ಸಮುದಾಯದವರ ಬಾಯಿಂದ ಕೇಳಿಸುತ್ತೇವೆ ಎಂಬುದು ಸಂಘಟಕರು ಕೊಡುವ ಭರವಸೆ. ಶುಲ್ಕ ತಲಾ 18,000 ಶ್ರೀಲಂಕಾ ರೂಪಾಯಿ. ವ್ಯಾನು, ಎರಡು ಮಧ್ಯಾಹ್ನದ ಊಟ ಮತ್ತು ಚಹಾ ಕಾರ್ಖಾನೆಯ ಪ್ರವೇಶ ಇದರಲ್ಲಿ ಸೇರಿವೆ. ರಾತ್ರಿಯ ವಸತಿಯನ್ನು ನಾವೇ ನೋಡಿಕೊಳ್ಳಬೇಕು. ಕೆಲವು ಲೋಪಗಳನ್ನು ನೇರವಾಗಿ ಹೇಳಬೇಕಾಗಿರುವುದರಿಂದ ಸಂಸ್ಥೆಯ ಹೆಸರನ್ನು ಬಿಟ್ಟಿದ್ದೇನೆ. ಆ ದಾರಿಯಲ್ಲಿ ಇಂಥ ಪ್ರವಾಸ ನಡೆಸುವವರು ಒಬ್ಬರೇ ಅಲ್ಲವಾದ್ದರಿಂದ, ಯಾವುದನ್ನು ಕೇಳಿ ಪಡೆಯಬೇಕು ಎಂಬುದು ಹೋಗುವವರಿಗೆ ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ನಾನು ಅಲ್ಲಿಗೆ ಹೋದ ಕಾರಣವನ್ನು ಮೊದಲೇ ತಿಳಿಸುವುದು ಒಳ್ಳೆಯದು, ಏಕೆಂದರೆ ನನ್ನ ಅಳತೆಗೋಲು ಅದರಿಂದಲೇ ಬಂದಿದೆ. ನಾನು ಬೆಳೆದದ್ದು ಸುಳ್ಯದ ಕಡೆ. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡುವವರ ಮಕ್ಕಳು ನಮ್ಮ ಶಾಲೆಯಲ್ಲಿದ್ದರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು ಆಡುತ್ತಿದ್ದ ಅವರನ್ನು ಊರಿನವರು ‘ಸಿಲೋನಿನವರು’ ಎಂದೇ ಕರೆಯುತ್ತಿದ್ದರು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯ ಅಜ್ಜಿ, ಸಿಲೋನಿನಿಂದ ಕಳುಹಿಸಿದ ಕುಟುಂಬಗಳಿಗೆ ಕೊಡುತ್ತಿದ್ದ ಫ್ಯಾಮಿಲಿ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದರು. ಸಿಲೋನಿನಲ್ಲಿದ್ದಾಗ ಅದೇ ಅಜ್ಜಿಯನ್ನು ‘ಇಂಡಿಯಾದವರು’ ಎಂದು ಕರೆದು ಹಡಗು ಹತ್ತಿಸಿದ್ದರು ಎಂಬುದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಆದ್ದರಿಂದ ಬೆಟ್ಟದ ಸೊಬಗನ್ನೋ ಚಹಾದ ರುಚಿಯನ್ನೋ ತೂಗಲು ನಾನು ಹೋದದ್ದಲ್ಲ. ಆ ಎರಡು ಹೆಸರುಗಳ ನಡುವೆ ನಡೆದದ್ದೇನು ಎಂಬುದನ್ನು ಈ ಪ್ರವಾಸ ಹೇಳುತ್ತದೆಯೇ ಎಂದು ನೋಡಲು ಹೋದೆ.

ಮೊದಲ ದಿನದ ಬೆಳಗು ನಿರಾಸೆ ತಂದಿತು. ಕಾರ್ಖಾನೆಯಲ್ಲಿ ಎಲೆ ಬಾಡಿಸುವ ತೊಟ್ಟಿಗಳು, ಹೊಸಕುವ ಯಂತ್ರಗಳು, ಕೊನೆಗೆ ಆರು ಬಟ್ಟಲು ಚಹಾ. ಎರಡು ತಾಸು ಇದರಲ್ಲೇ ಕಳೆಯಿತು. ಜೇಮ್ಸ್ ಟೇಲರ್ 1867ರಲ್ಲಿ ಲೂಲ್‌ಕಂದುರ ತೋಟದಲ್ಲಿ ಚಹಾ ನೆಟ್ಟದ್ದು, ಎಲೆತುಕ್ಕು ರೋಗದಿಂದ ಕಾಫಿ ನಾಶವಾದ ಮೇಲೆ ಚಹಾ ಬೆಟ್ಟವನ್ನೆಲ್ಲ ಆವರಿಸಿದ್ದು, ಇವೆಲ್ಲ ನಮ್ಮ ಕೈಗೆ ಕೊಟ್ಟ ಕರಪತ್ರದಲ್ಲಿದ್ದವು. ಆದರೆ ಆ ಕರಪತ್ರ 1823ರಲ್ಲಿ ಗಂಪೊಳದ ಹತ್ತಿರ ಕಾಫಿ ತೋಟಕ್ಕೆ ದಕ್ಷಿಣ ಭಾರತದಿಂದ ಮೊದಲ ಕೂಲಿಗಳು ಬಂದದ್ದನ್ನು ಹೇಳಿ, 2023ರಲ್ಲಿ ಇನ್ನೂರು ವರ್ಷ ತುಂಬಿದ್ದರ ಸ್ಮರಣೆಗೆ ತಲೈಮನ್ನಾರಿನಿಂದ ಮಾತಳೆಯವರೆಗೆ ಜನ ಕಾಲ್ನಡಿಗೆಯಲ್ಲಿ ಬಂದದ್ದನ್ನು ಹೇಳಿ, ನಡುವಿನ ಪೌರತ್ವದ ಕಥೆಯನ್ನು ‘ಹಲವು ಕಷ್ಟಗಳ ನಂತರ’ ಎಂಬ ಮೂರು ಪದಗಳಲ್ಲಿ ಮುಗಿಸಿಬಿಟ್ಟಿತ್ತು. ಹಣ ತೆತ್ತು ದೂರದಿಂದ ಬಂದವರ ಕೈಗೆ ಹೀಗೆ ಟೊಳ್ಳಾದ ಕಾಗದ ಕೊಡುವುದು ಸರಿಯಲ್ಲ.

ಈ ಕೊರತೆಯನ್ನೆಲ್ಲ ತುಂಬಿಕೊಟ್ಟವರು ಮಾರ್ಗದರ್ಶಿ. ಮೂವತ್ತರ ಆಸುಪಾಸಿನ ಆ ಹೆಣ್ಣುಮಗಳ ತಾಯಿ ಇಂದಿಗೂ ತೋಟದಲ್ಲಿ ಕೊಳುಂದು, ಅಂದರೆ ಚಹಾದ ಎಳೆಚಿಗುರು, ಕೊಯ್ಯುತ್ತಾರೆ. ಸುಳ್ಯದ ಕಾಲೊನಿಯಲ್ಲಿ ಕಲಿತ ನನ್ನ ಅರೆಬರೆ ತಮಿಳನ್ನು ಕೇಳಿದೊಡನೆ ಅವರು ನಿಂತು, “ಅಕ್ಕಾ, ಇದು ಮದರಾಸಿನ ಮಾತಲ್ಲ, ನಮ್ಮ ತೋಟದ ಮಾತು” ಎಂದರು. ಅಲ್ಲಿಂದ ಮುಂದೆ ಪ್ರವಾಸದ ಹದವೇ ಬದಲಾಯಿತು.

ಕಾರ್ಖಾನೆಯ ಹಿಂದಿನ ದಿಣ್ಣೆ ಹತ್ತಿದರೆ ಕಾರ್ಮಿಕರ ಸಾಲುಮನೆಗಳು ಕಾಣುತ್ತವೆ. ಅವರು ಅದನ್ನು ಲಯಂ ಎನ್ನುತ್ತಾರೆ. ಕೊಡಗು, ಚಿಕ್ಕಮಗಳೂರಿನ ತೋಟಗಳ ಲೈನ್ ಮನೆಗಳನ್ನು ಕಂಡವರಿಗೆ ಬೇರೆ ವಿವರಣೆ ಬೇಕಿಲ್ಲ. ಅಲ್ಲಿನ ಒಂದು ಕಲ್ಲುಕಟ್ಟೆಯ ಮೇಲೆ ನಮ್ಮನ್ನು ಕೂರಿಸಿ ಮಾರ್ಗದರ್ಶಿ ಮುಕ್ಕಾಲು ಗಂಟೆ ಮಾತನಾಡಿದರು. ಇಡೀ ಪ್ರವಾಸದ ಸಾರ ಆ ಮುಕ್ಕಾಲು ಗಂಟೆಯಲ್ಲಿತ್ತು. 1947ರ ಚುನಾವಣೆಯಲ್ಲಿ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಸಂಸತ್ತಿಗೆ ಕಳುಹಿಸಿದ್ದ ಜನರ ಹೆಸರು 1952ರ ಹೊತ್ತಿಗೆ ಬಹುತೇಕ ಮತದಾರರ ಪಟ್ಟಿಯಲ್ಲೇ ಇರಲಿಲ್ಲ. ಸಿಲೋನಿನಲ್ಲೇ ಹುಟ್ಟಿದವರೂ ತಮ್ಮ ತಂದೆ ಅಲ್ಲಿ ಹುಟ್ಟಿದವರೆಂದು, ಇಲ್ಲವೇ ಅಜ್ಜ ಮತ್ತು ಮುತ್ತಜ್ಜ ಇಬ್ಬರೂ ಅಲ್ಲಿ ಹುಟ್ಟಿದವರೆಂದು ತೋರಿಸಿದರೆ ಮಾತ್ರ ಪೌರರು ಎಂದು 1948ರ ಪೌರತ್ವ ಕಾಯ್ದೆ ಹೇಳಿತು. ಜನನ ನೋಂದಣಿಯೇ ಸರಿಯಾಗಿ ಇಲ್ಲದ ತೋಟಗಳಲ್ಲಿ ಮುತ್ತಜ್ಜನ ಜನ್ಮಪತ್ರವನ್ನು ಯಾರು ತಂದಾರು? ಸುಮಾರು ಏಳು ಲಕ್ಷ ಜನ ಒಮ್ಮೆಗೇ ಯಾವ ದೇಶಕ್ಕೂ ಸೇರದವರಾದರು. ಮುಂದಿನ ವರ್ಷ ಚುನಾವಣಾ ನಿಯಮ ತಿದ್ದುಪಡಿಯಾಗಿ, ಪೌರತ್ವದ ಜೊತೆಗೆ ಮತದ ಹಕ್ಕೂ ಹೋಯಿತು.

ದ್ವೀಪದ ಉತ್ತರದಲ್ಲಿ ಶತಮಾನಗಳಿಂದ ನೆಲೆಸಿದ್ದ ತಮಿಳರು ಆಗ ಏನು ಮಾಡಿದರು ಎಂದು ಗುಂಪಿನಲ್ಲಿದ್ದ ಒಬ್ಬರು ಕೇಳಿದರು. ಈ ಪ್ರಶ್ನೆಗೆ ಮಾರ್ಗದರ್ಶಿ ಕೊಟ್ಟ ಉತ್ತರ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಇರಲಿಲ್ಲ ಎಂಬುದು ನನಗೆ ಬಹಳ ಹಿಡಿಸಿತು. ಜಾಫ್ನಾದ ತಮಿಳು ನಾಯಕತ್ವವೇ ಈ ವಿಷಯದಲ್ಲಿ ಒಡೆಯಿತು, ಜಿ. ಜಿ. ಪೊನ್ನಂಬಲಂ ಸರ್ಕಾರವನ್ನು ಸೇರಿದರು, ಎಸ್. ಜೆ. ವಿ. ಚೆಲ್ವನಾಯಗಂ ಅವರ ಪಕ್ಷದಿಂದ ಹೊರಬಂದು 1949ರಲ್ಲಿ ಫೆಡರಲ್ ಪಕ್ಷವನ್ನು ಕಟ್ಟಿದರು. ಹೆಚ್ಚಿನವರು ಹಿಂದೂಗಳಾಗಿದ್ದ ಉತ್ತರದ ತಮಿಳರು ಕ್ರೈಸ್ತರಾದ ಚೆಲ್ವನಾಯಗಂ ಅವರನ್ನು ತಂದೆಯೆಂದೇ ಕರೆದರು. ಇನ್ನೊಂದೆಡೆ, ತಮಿಳನ್ನೇ ಆಡುವ ಮುಸ್ಲಿಮರು ತಮ್ಮನ್ನು ತಮಿಳರೆಂದು ಎಣಿಸಿಕೊಳ್ಳುವುದಿಲ್ಲ. ಜನಗಣತಿಯಲ್ಲೂ ಅವರದು ಬೇರೆಯೇ ಜನಾಂಗ. ಬೆಟ್ಟದ ತಮಿಳರದು ಮತ್ತೊಂದು ಕಾಲಂ: 2012ರ ಗಣತಿಯಲ್ಲಿ ‘ಇಂಡಿಯನ್ ತಮಿಳರು’ ಎಂಬ ಶೀರ್ಷಿಕೆಯಡಿ 8,39,504 ಜನ. ಭಾಷೆ ಒಂದೇ ಆದರೂ ಗುರುತು ಒಂದಲ್ಲ, ಮತ್ತು ಆ ಗುರುತನ್ನು ಧರ್ಮ, ಜಾತಿ, ಬಂದ ದಾರಿ, ಕೊನೆಗೆ ಸರ್ಕಾರದ ಕಾಗದ ಎಲ್ಲವೂ ಸೇರಿ ಮಾಡುತ್ತವೆ ಎಂಬುದನ್ನು ನಾನು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕೇಳಿಲ್ಲ. ‘ಇಂಡಿಯನ್’ ಎಂಬ ಮಾತನ್ನು ಮಾರ್ಗದರ್ಶಿ ಒಮ್ಮೆಯೂ ತಮಗೆ ಬಳಸಿಕೊಳ್ಳಲಿಲ್ಲ. ‘ಮಲೈಯಗ ತಮಿಳರು’, ಅಂದರೆ ಮಲೆನಾಡ ತಮಿಳರು, ಎಂದರು. ಸಂಘಟಕರ ಕರಪತ್ರದಲ್ಲಿ ಮಾತ್ರ ‘ಭಾರತೀಯ ತಮಿಳರು’ ಎಂದೇ ಅಚ್ಚಾಗಿದೆ. ಇದನ್ನು ತಿದ್ದಬೇಕು.

1964ರ ಅಕ್ಟೋಬರ್ 30ರಂದು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಮತ್ತು ಲಾಲ್ ಬಹಾದ್ದೂರ್ ಶಾಸ್ತ್ರಿ ಮಾಡಿಕೊಂಡ ಒಪ್ಪಂದದಂತೆ 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ ಎಂದು ಹಂಚಿಕೆಯಾಯಿತು. ಉಳಿದ 1,50,000 ಜನರನ್ನು 1974ರಲ್ಲಿ ಇಂದಿರಾ ಗಾಂಧಿಯವರ ಜೊತೆ ಆದ ಒಪ್ಪಂದ ಸರಿಯಾಗಿ ಅರ್ಧರ್ಧ ಮಾಡಿತು. ಹಂಚಿಕೊಂಡದ್ದು ಜನರನ್ನು; ಅವರ ಒಪ್ಪಿಗೆಯನ್ನು ಎರಡೂ ದೇಶಗಳು ಕೇಳಿರಲಿಲ್ಲ. ಕಂಡಿಯಲ್ಲಿ ಪಾಸ್‌ಪೋರ್ಟ್ ಪಡೆದು, ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗಿನಲ್ಲಿ ಬಂದವರಲ್ಲಿ ಕೆಲವರು ನೀಲಗಿರಿಯ ಚಹಾ ತೋಟಗಳಿಗೆ ಹೋದರು, ಕೆಲವರು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಬಂದರು. ಮಾರ್ಗದರ್ಶಿಯ ದೊಡ್ಡಜ್ಜನ ಕುಟುಂಬವೂ ಹಾಗೆ ಹೋದದ್ದಂತೆ. ಎಲ್ಲಿಗೆ ಎಂಬುದು ಅವರ ಮನೆಯಲ್ಲಿ ಯಾರಿಗೂ ತಿಳಿಯದು. ನಮ್ಮೂರಿನ ಕಾಲೊನಿಗಳ ಬಗ್ಗೆ ನಾನು ಹೇಳಿದಾಗ ಅವರು ತೋಟಗಳ ಹೆಸರನ್ನು ಒಂದೊಂದಾಗಿ ಬರೆದುಕೊಂಡರು.

ಮಧ್ಯಾಹ್ನದ ಊಟ ಅಚ್ಚುಕಟ್ಟಾಗಿತ್ತು. ರೊಟ್ಟಿ, ತೆಂಗಿನಕಾಯಿ ಸಂಬಲ್, ಪರಿಪ್ಪು. ಊಟದ ನಂತರ ತೋಟದ ಮಾರಿಯಮ್ಮನ ಗುಡಿ. ಸಾಮಾನ್ಯ ಪ್ರವಾಸಗಳಲ್ಲಿ ಗುಡಿಯೆಂದರೆ ಬಣ್ಣದ ಗೋಪುರದ ಮುಂದೆ ಒಂದು ಫೋಟೋ. ಇಲ್ಲಿ ಹಾಗಾಗಲಿಲ್ಲ. ಕಾರ್ಮಿಕ ಸಂಘದ ತೋಟದ ಮಟ್ಟದ ಮುಖಂಡನನ್ನು ತಲೈವರ್ ಎನ್ನುತ್ತಾರೆ. ಆ ತೋಟದಲ್ಲಿ ಗುಡಿಯ ಉತ್ಸವದ ಲೆಕ್ಕ ನೋಡುವವರೂ ಅವರೇ. ಸಂಘದ ಚಂದಾ ಕೂಲಿಯಲ್ಲೇ ಮುರಿದುಕೊಳ್ಳಲಾಗುತ್ತದೆ. ಕೂಲಿಗಳನ್ನು ಕರೆತಂದು ಮೇಲ್ವಿಚಾರಣೆ ಮಾಡುತ್ತಿದ್ದ ಕಂಗಾಣಿಯ ಸಾಲ, ತೋಟದ ದೊರೆಯ ದರ್ಪಗಳ ನಡುವೆ ಜನ ತಮ್ಮದೇ ತೀರ್ಮಾನದಿಂದ ಸೇರುತ್ತಿದ್ದ ಜಾಗ ಗುಡಿಯ ಅಂಗಳವೊಂದೇ ಆಗಿತ್ತು ಎಂದು ಮಾರ್ಗದರ್ಶಿ ವಿವರಿಸಿದರು. 1986ರ ಜನವರಿಯಲ್ಲಿ ತೋಟ ಕಾರ್ಮಿಕರ ಸಂಘದ ನಾಯಕ ಸೌಮ್ಯಮೂರ್ತಿ ತೊಂಡಮಾನ್ ಅವರ ನೇತೃತ್ವದಲ್ಲಿ ನಡೆದ ಚಳವಳಿ ಆ ಅಂಗಳದಲ್ಲಿ ನಿಂತು ಕೇಳಿದಾಗ ಪೂರ್ಣವಾಗಿ ಅರ್ಥವಾಗುತ್ತದೆ: ಕಾರ್ಮಿಕರು ಬೆಳಗಿನ ಹೊತ್ತು ಕೆಲಸಕ್ಕೆ ಹೋಗದೆ ಪ್ರಾರ್ಥನೆಗೆ ಕುಳಿತರು. ಅದನ್ನು ಮುಷ್ಕರವೆಂದು ಕರೆಯಲಿಲ್ಲ, ಪ್ರಾರ್ಥನೆ ಎಂದೇ ಕರೆದರು. ಪೌರತ್ವವಿಲ್ಲದೆ ಉಳಿದವರಿಗೆ ಪೌರತ್ವ ಕೊಡುವ ಕಾಯ್ದೆ ಅದೇ ವರ್ಷ ಬಂತು. ಬಾಕಿ ಉಳಿದ ತೊಡಕುಗಳು 1988 ಮತ್ತು 2003ರ ಕಾಯ್ದೆಗಳವರೆಗೂ ಎಳೆದವು. ದೇವರ ಮುಂದೆ ಕೂತು ಮತದ ಹಕ್ಕನ್ನು ಪಡೆದ ಈ ಅಧ್ಯಾಯವನ್ನು ಒಂದು ಸಾಲಿನಲ್ಲಾದರೂ ಅಚ್ಚು ಹಾಕಿಸದ ಸಂಘಟಕರು ತಮ್ಮಲ್ಲಿರುವ ದೊಡ್ಡ ಆಸ್ತಿಯನ್ನು ತಾವೇ ಅರಿತಿಲ್ಲ ಎನ್ನಬೇಕು.

ಗುಡಿಯ ಪಕ್ಕದಲ್ಲಿ ಕಾಮನ್ ಕೂತ್ತು ಎಂಬ ಜನಪದ ಆಟಕ್ಕೆ ಕಂಬ ನೆಟ್ಟಿದ್ದರು. ರತಿ, ಮನ್ಮಥರ ಮದುವೆಯಿಂದ ಹಿಡಿದು ಶಿವನ ಕಣ್ಣಿಗೆ ಕಾಮ ಸುಟ್ಟುಹೋಗುವವರೆಗಿನ ಕಥೆಯನ್ನು ತಮಿಳರ ಮಾಸಿ ತಿಂಗಳಲ್ಲಿ (ಫೆಬ್ರವರಿ–ಮಾರ್ಚ್) ಹುಣ್ಣಿಮೆಯವರೆಗೆ ಹಾಡಿ ಕುಣಿಯುತ್ತಾರೆ. ನಮ್ಮ ಕಡೆ ಕಾಮನ ಹುಣ್ಣಿಮೆಯ ಹಾಡು ಕೇಳಿ ಬೆಳೆದವರಿಗೆ ಇದು ದೂರದ ಆಚರಣೆ ಅನ್ನಿಸುವುದಿಲ್ಲ. ಸಂಜೆ ‘ತಪ್ಪು’ ಎಂಬ ತಮಟೆಯ ಬಡಿತ ಶುರುವಾಗುವ ಹೊತ್ತಿಗೆ ವ್ಯಾನು ಹೊರಡಬೇಕೆಂದು ಚಾಲಕ ಅವಸರಪಡಿಸಿದ್ದು ಬೇಸರ ತರಿಸಿತು.

ಎರಡನೆಯ ದಿನದ ಬಗ್ಗೆ ಹೆಚ್ಚು ಬರೆಯುವಂತಿಲ್ಲ. ಒಂದು ಜಲಪಾತ, ಒಂದು ಚಹಾ ಅಂಗಡಿ. ಕೊಳುಂದು ಕೊಯ್ಯುತ್ತಿದ್ದ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಪ್ರವಾಸಿಗರಿಂದ ನೋಟು ಕೊಡಿಸಿ, ಫೋಟೋ ತೆಗೆಸಿದ ಹದಿನೈದು ನಿಮಿಷ ನನಗೆ ಸಹಿಸಲಾಗಲಿಲ್ಲ. ದಿನಗೂಲಿ 1,000 ರೂಪಾಯಿ ಆಗಲು 2021ರವರೆಗೆ, 1,350 ಆಗಲು 2024ರವರೆಗೆ ಹೋರಾಡಿದವರು ಅವರು. ಆ ಲೆಕ್ಕದಲ್ಲಿ ನಾನು ತೆತ್ತ ಶುಲ್ಕ ಅವರ ಹದಿಮೂರು ದಿನಗಳ ದುಡಿಮೆಗಿಂತ ಹೆಚ್ಚು. ಹಿಂದಿನ ದಿನ ಹಕ್ಕುಳ್ಳ ಪೌರರೆಂದು ಪರಿಚಯಿಸಿದ ಜನರನ್ನು ಮರುದಿನ ಕನಿಕರದ ನೋಟಕ್ಕೆ ಇಡುವುದು ಪ್ರವಾಸದ ಉದ್ದೇಶವನ್ನೇ ಕೆಡಿಸುತ್ತದೆ. ಹನ್ನೊಂದು ಜನರ ಗುಂಪು ಲಯಂನ ಇಕ್ಕಟ್ಟಾದ ಅಂಗಳಕ್ಕೆ ನುಗ್ಗಿದ್ದೂ ಹಾಗೆಯೇ. ಸ್ನಾನಕ್ಕೆ ನೀರು ಹೊತ್ತು ನಿಂತಿದ್ದ ಹುಡುಗಿಯೊಬ್ಬಳು ನಮ್ಮನ್ನು ಕಂಡು ಒಳಗೆ ಹೋದಳು. ಆರು ಜನಕ್ಕಿಂತ ಹೆಚ್ಚು ಇರಬಾರದು.

ಆ ದಿನದ ಬೆಲೆಬಾಳುವ ಭಾಗ ಮಸ್ಕೆಲಿಯದ ಹಾದಿಯಲ್ಲಿ ಸಿಕ್ಕಿತು. ಶ್ರೀಪಾದ ಬೆಟ್ಟ ಕಾಣುವ ತಿರುವಿನಲ್ಲಿ ಬಿಳಿ ಬಟ್ಟೆಯ ಸಿಂಹಳ ಯಾತ್ರಿಕರ ಬಸ್ಸುಗಳು ನಿಂತಿದ್ದವು. ಶಿಖರದ ಮೇಲಿನ ಹೆಜ್ಜೆಯನ್ನು ಬೌದ್ಧರು ಬುದ್ಧನದೆನ್ನುತ್ತಾರೆ, ಮುಸ್ಲಿಮರು ಆದಮನದೆನ್ನುತ್ತಾರೆ, ತೋಟದ ತಮಿಳರಿಗೆ ಅದು ಶಿವನೊಳಿಪಾದ ಮಲೈ. 1978ರ ಸಂವಿಧಾನದ 9ನೆಯ ವಿಧಿ ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಕೊಟ್ಟಿದೆ ಎಂಬುದನ್ನು ಮುಚ್ಚಿಡದೆ ಹೇಳಿದ ಮಾರ್ಗದರ್ಶಿ, ಅದೇ ಉಸಿರಿನಲ್ಲಿ ತಮ್ಮ ತಾಯಿ ಪ್ರತಿ ವರ್ಷ ಸಿಂಹಳ ನೆರೆಯವರ ಜೊತೆ ಆ ಮೆಟ್ಟಿಲು ಹತ್ತುವುದನ್ನೂ ಹೇಳಿದರು. ಮುಂದೆ ರಸ್ತೆ ಹೊಂಡಬಿದ್ದಿತ್ತು. 1987ರ ಕಾಯ್ದೆಯ ಪ್ರಕಾರ ಪ್ರಾದೇಶೀಯ ಸಭೆಗಳು, ಅಂದರೆ ಅಲ್ಲಿನ ಗ್ರಾಮೀಣ ಸ್ಥಳೀಯ ಆಡಳಿತಗಳು, ತೋಟದೊಳಗಿನ ರಸ್ತೆಗೆ ಹಣ ಖರ್ಚು ಮಾಡುವಂತಿರಲಿಲ್ಲ. ಕಾಯ್ದೆ ತಿದ್ದುಪಡಿಯಾದದ್ದು 2018ರಲ್ಲಿ. ಮತ ಹಾಕಿ ಆರಿಸಿದ ಸಭೆ ತಮ್ಮ ಮನೆಯ ದಾರಿಗೆ ಒಂದು ಬುಟ್ಟಿ ಜಲ್ಲಿ ಹಾಕಿಸಲಾರದು ಎಂಬ ಸ್ಥಿತಿಯಲ್ಲಿ ಮೂವತ್ತು ವರ್ಷ ಕಳೆದ ಜನ 2024ರ ನವೆಂಬರ್ ಚುನಾವಣೆಯಲ್ಲಿ ತಮ್ಮದೇ ಸಮುದಾಯದ ಇಬ್ಬರು ಹೆಣ್ಣುಮಕ್ಕಳನ್ನು, ಬದುಳ್ಳೆಯಿಂದ ಅಂಬಿಕಾ ಸಾಮುವೇಲ್, ನುವರ ಎಳಿಯದಿಂದ ಕೃಷ್ಣನ್ ಕಲೈಸೆಲ್ವಿ ಅವರನ್ನು, ಸಂಸತ್ತಿಗೆ ಕಳುಹಿಸಿದ್ದನ್ನು ಮಾರ್ಗದರ್ಶಿ ಹೇಳುವಾಗ ಅವರ ದನಿ ಏರಿತ್ತು.

ಹೋಗುವುದಾದರೆ ಮೊದಲ ದಿನಕ್ಕೆ ಮಾತ್ರ ಕಾಯ್ದಿರಿಸಿ, ಅದಕ್ಕಷ್ಟೇ ದರ ಕೇಳಿ; ನಮಗೆ ಆ ಆಯ್ಕೆ ಇದೆಯೆಂದು ತಿಳಿದದ್ದು ಹಣ ಕಟ್ಟಿದ ಮೇಲೆ. ತೋಟದ ಸಮುದಾಯದವರೇ ಮಾರ್ಗದರ್ಶಿಯಾಗಿರಬೇಕೆಂದು ಬರಹದಲ್ಲಿ ಒಪ್ಪಿಸಿಕೊಳ್ಳಿ. ಕಾರ್ಖಾನೆಯನ್ನು ಅರ್ಧ ತಾಸಿಗೆ ಇಳಿಸಿ ಆ ಸಮಯವನ್ನು ಗುಡಿಯ ಅಂಗಳಕ್ಕೆ ಕೊಡಲು ಹೇಳಿ. ಮಾಸಿ ತಿಂಗಳಾದರೆ ಹಟ್ಟನ್‌ನಲ್ಲೇ ರಾತ್ರಿ ತಂಗಿ ಕೂತ್ತು ನೋಡಿ. ತೆಗೆದ ಚಿತ್ರಗಳನ್ನು ಅಚ್ಚು ಹಾಕಿಸಿ ಕಳುಹಿಸುವುದಾದರೆ ಒಂದು ವಿಷಯ ತಿಳಿದಿರಲಿ: ಆ ಲಯಂನ ಮನೆಗಳಿಗೆ ಬೇರೆ ಬೇರೆ ವಿಳಾಸವಿಲ್ಲ, ಅಂಚೆಯೆಲ್ಲ ತೋಟದ ಕಚೇರಿಗೆ ಹೋಗುತ್ತದೆ. ನಮ್ಮ ಚಿತ್ರಗಳನ್ನು, ಸುಳ್ಯದ ಗೆಳತಿ ತನ್ನ ಅಜ್ಜಿಯ ಫ್ಯಾಮಿಲಿ ಕಾರ್ಡಿನಿಂದ ತೆಗೆಸಿಕೊಟ್ಟ ನೆರಳಚ್ಚಿನೊಡನೆ, ಹಟ್ಟನ್ ಪೇಟೆಯಲ್ಲಿರುವ ಮಾರ್ಗದರ್ಶಿಯ ತಮ್ಮನ ಅಂಗಡಿಗೆ ಕಳುಹಿಸಿದೆವು.