ದೊಡ್ಡ ನಿರ್ಮಾಣ ಸಂಸ್ಥೆಯಲ್ಲಿ ಸೈಟ್ ಎಂಜಿನಿಯರ್ ಕೆಲಸ

ಮೈಸೂರಿನ ವರ್ತುಲ ರಸ್ತೆಯ ಬಳಿ ದೊಡ್ಡ ನಿರ್ಮಾಣ ಸಂಸ್ಥೆಯೊಂದರ ವಸತಿ ಸಮುಚ್ಚಯದಲ್ಲಿ ಸೈಟ್ ಎಂಜಿನಿಯರ್ ಆಗಿ ದುಡಿದ ನನಗೆ ದೊರೆತ ಅತಿದೊಡ್ಡ ಲಾಭವೆಂದರೆ ಕೆಲಸದ ಶಿಸ್ತು. ಕಾಂಕ್ರೀಟ್ ಹಾಕಿದಾಗಲೆಲ್ಲ ಅದೇ ಕಾಂಕ್ರೀಟಿನಿಂದ ಕ್ಯೂಬ್ ಮಾದರಿಗಳನ್ನು (ಅಚ್ಚಿನಲ್ಲಿ ತುಂಬಿದ ಘನಾಕಾರದ ತುಂಡುಗಳನ್ನು) ತೆಗೆದು, ನೀರಿನಲ್ಲಿಟ್ಟು, 7 ಮತ್ತು 28ನೆಯ ದಿನ ಅವುಗಳ ಬಲವನ್ನು ಪರೀಕ್ಷಿಸಿ ದಾಖಲಿಸಲೇಬೇಕಿತ್ತು. ಸಣ್ಣ ಗುತ್ತಿಗೆದಾರರ ಬಳಿ ನಾನು ಈ ಕಟ್ಟುನಿಟ್ಟನ್ನು ಕಂಡಿರಲಿಲ್ಲ. ಸಂಬಳ ಸಕಾಲಕ್ಕೆ ಬರುತ್ತಿತ್ತು, ಭವಿಷ್ಯ ನಿಧಿಗೆ ಸಂಸ್ಥೆಯ ಪಾಲಿನ ಶೇ. 12ರಷ್ಟು ವಂತಿಗೆಯೂ ತಪ್ಪುತ್ತಿರಲಿಲ್ಲ. ಆದರೆ ಸ್ಲ್ಯಾಬ್ ಹಾಕುವ ದಿನ ಮನೆಗೆ ಹೋಗುವ ಹೊತ್ತನ್ನು ಯಾರೂ ಹೇಳಲಾರರು. ಕಾಮಗಾರಿ ಮುಗಿದೊಡನೆ ಹೊರರಾಜ್ಯಕ್ಕೂ ವರ್ಗವಾಗಬಹುದು. ಇದಕ್ಕಿಂತ ಹೆಚ್ಚು ನೋಯಿಸಿದ್ದು, ಉಪಗುತ್ತಿಗೆದಾರರ ಮೂಲಕ ಬಂದ ಕೂಲಿಕಾರರಿಗೆ ಇದೇ ಸವಲತ್ತುಗಳು ಸರಿಯಾಗಿ ತಲುಪದಿದ್ದದ್ದು. ಮಂಡ್ಯ, ಮೈಸೂರಿನಲ್ಲೇ ಉಳಿದು ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳಬೇಕಾದವರು ನೇಮಕಾತಿ ಪತ್ರದಲ್ಲಿನ ವರ್ಗಾವಣೆಯ ಷರತ್ತನ್ನು ಓದಿಯೇ ಸಹಿ ಮಾಡುವುದು ಒಳಿತು.